ಒಣಗದ ಗೆರೆ

ಗೆರೆಯಮ್ಮನ ಬಲಗೈ ನಡುಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಚಹಾದ ಲೋಟಕ್ಕೆ, ಆಮೇಲೆ ಅವಳಿಗೆ. ಮೂರನೆಯವರಿಗೆ ಗೊತ್ತಾಗಕೂಡದು ಎಂದು ಅಂದೇ ತೀರ್ಮಾನಿಸಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವ ಅಭ್ಯಾಸ ಮಾಡಿಕೊಂಡಳು. ಯಾರಾದರೂ ಕೇಳಿದರೆ ಚಳಿ ಎನ್ನುತ್ತಿದ್ದಳು. ಬಿರುಬೇಸಿಗೆಯಲ್ಲಿ ಚಳಿ ಎಂದರೂ ಜನ ಹೌದೆಂದು ತಲೆಯಾಡಿಸಿ ಹೋಗುತ್ತಿದ್ದರು. ಗೆರೆಯಮ್ಮನ ಮಾತಿಗೆ ಎದುರು ಮಾತಾಡುವಷ್ಟು ಗುಂಡಿಗೆ ಆ ಗ್ಯಾರೇಜು ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಅವಳ ಕಸುಬು ಗಾಡಿಗಳ ಮೈಮೇಲೆ ಗೆರೆ ಎಳೆಯುವುದು. ಕಾರಿನ ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ, ಬಾಗಿಲುಗಳ ಮೇಲೆ ಹಾದು, ದಾರದಷ್ಟು ತೆಳ್ಳಗೆ ಒಂದು ಬಣ್ಣದ ಗೆರೆ ಹೋಗಿರುತ್ತದಲ್ಲ, ಅದು. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತದಲ್ಲ, ಅದೂ. ಗಂಡ ಕಲಿಸಿದ ಕೆಲಸ. ಗಂಡ ತೀರಿಕೊಂಡು ಹನ್ನೆರಡು ವರ್ಷವಾದರೂ ಬಿಟ್ಟಿರಲಿಲ್ಲ. ಅಂಟಿಸುವ ಸ್ಟಿಕ್ಕರು ಬಂದು ಉಳಿದವರೆಲ್ಲ ಕುಂಚ ಮೂಲೆಗಿಟ್ಟಾಗಲೂ ಅವಳು ಜಗ್ಗಲಿಲ್ಲ. “ಸ್ಟಿಕ್ಕರಿಗೆ ಅಂಚಿರುತ್ತೆ. ಅಂಚು ಇವತ್ತಲ್ಲ ನಾಳೆ ಏಳುತ್ತೆ,” ಎಂದು ಬಂದವರಿಗೆಲ್ಲ ಹೇಳುವಳು. ಅವಳ ಗೆರೆ ಯಾವತ್ತೂ ಎದ್ದಿರಲಿಲ್ಲ. ಅದರ ಕೊನೆಯಲ್ಲಿ, ಹಿಂದಿನ ದೀಪದ ಪಕ್ಕ, ಸಾಸಿವೆ ಗಾತ್ರದ ಎರಡು ಚುಕ್ಕಿ ಇಡುತ್ತಿದ್ದಳು. ಅದೇ ಅವಳ ಸಹಿ.

ಕೈ ಹೀಗಾಗಿ ಸಣ್ಣಪುಟ್ಟ ಕೆಲಸಗಳನ್ನು ಏನೋ ನೆಪ ಹೇಳಿ ವಾಪಸು ಕಳಿಸುತ್ತಿದ್ದ ದಿನಗಳಲ್ಲಿ ಟ್ಯಾಕ್ಸಿ ಯಜಮಾನರು ಬಂದರು. ಇಪ್ಪತ್ತಾರು ವರ್ಷ ಒಂದೇ ಕಾರನ್ನು ಬಾಡಿಗೆಗೆ ಓಡಿಸಿ, ಕೊನೆಗೆ ಅದನ್ನೇ ಮನೆಯ ಗಾಡಿ ಮಾಡಿಕೊಂಡಿದ್ದ ಮನುಷ್ಯ. ಲಾರಿಯೊಂದು ಪಕ್ಕಕ್ಕೆ ಬಡಿದು ಕಾರಿನ ಎರಡು ಬಾಗಿಲು ಒಳಗೆ ಹೋಗಿದ್ದವು. ಒಳಗೆ ಕೂತಿದ್ದ ಅವರ ಹೆಂಡತಿಯ ಸೊಂಟದ ಮೂಳೆ ಮುರಿದಿತ್ತು. ಈಗ ಇಬ್ಬರೂ ರಿಪೇರಿಯಲ್ಲಿದ್ದಾರೆ ಎಂದು ಅವರೇ ನಕ್ಕರು. ನಕ್ಕು ಮುಗಿಸುವುದರೊಳಗೆ ಮೂಗು ಒರೆಸಿಕೊಂಡರು.

“ಗಾಡಿಗೆ ಹೊಸ ಬಣ್ಣ ಆಯ್ತಮ್ಮ. ಮೊದಲಿನದೇ ಕಡು ಹಸಿರು. ಆದ್ರೆ ಗೆರೆ ಇಲ್ದೆ ಇನ್ಯಾರದೋ ಗಾಡಿ ಥರ ಕಾಣುತ್ತೆ. ಬರೋ ತಿಂಗಳ ಕೊನೇ ಶನಿವಾರ ಅವಳನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರ್ತೀನಿ. ಗಾಡಿ ಹತ್ತಲ್ಲ ಅಂತ ಹಟ ಮಾಡ್ತಿದಾಳೆ, ಹೆದರಿಕೆ. ಬಾಗಿಲಿಗೆ ಬಂದು ನೋಡಿದ ತಕ್ಷಣ ಇದು ನಮ್ಮದೇ ಗಾಡಿ ಅನ್ನಿಸ್ಬೇಕು. ನೀವು ಎಳೆದಿದ್ರಲ್ಲ, ಕೆನೆ ಬಣ್ಣದ ಗೆರೆ, ಅದೇ ಆಗಬೇಕು.”

“ಹೊಸ ಬಣ್ಣ ಗಟ್ಟಿಯಾಗೋಕೆ ತಿಂಗಳು ಬಿಡಬೇಕು. ಆ ವಾರದ ಗುರುವಾರ ತಂದು ನಿಲ್ಸಿ,” ಎಂದಳು ಗೆರೆಯಮ್ಮ. ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಹೇಳಿದಳು.

ಅವರು ಹೋದ ಮೇಲೆ ಹಳೆಯ ಕಿಟಕಿಯ ಗಾಜೊಂದನ್ನು ಗೋಡೆಗೆ ಒರಗಿಸಿ ಒಂದು ಗೆರೆ ಎಳೆದು ನೋಡಿದಳು. ಅದು ಹಾವಿನ ಹಾಗೆ ಹೊರಳಿತು. ಎರಡನೆಯದೂ ಅದೇ ಪಾಡು. ಮೂರನೆಯದನ್ನು ಎಳೆಯುವ ಧೈರ್ಯವಾಗಲಿಲ್ಲ. ಈ ಕಾರಿಗೆ ಗೆರೆ ಬಿದ್ದರೆ ಶೆಡ್ಡು ಉಳಿಯಿತು, ಬೀಳದಿದ್ದರೆ ಮಾರನೆಯ ದಿನವೇ ಬೀಗದ ಕೈಯನ್ನು ಅದನ್ನು ಬಾಡಿಗೆಗೆ ಕೊಟ್ಟಿದ್ದ ಗ್ಯಾರೇಜಿನವನ ಮುಂದೆ ಇಟ್ಟು ಮನೆ ಸೇರುವುದು ಎಂದು ಕಡ್ಡಿ ತುಂಡು ಮಾಡಿದ ಹಾಗೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟು ಸುಲಭವಾಗಿ ಎದೆ ಒಪ್ಪಲಿಲ್ಲ. ಗಂಡನ ಕುಂಚಗಳನ್ನು ಯಾರಿಗೆ ಕೊಡುವುದು ಎಂದು ಯೋಚಿಸುವಾಗ ಅಳುವೇ ಬಂತು.

ಅಷ್ಟರಲ್ಲಿ ಅಳಿಯ ಬಂದ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮೂಲೆಯಂಗಡಿಯಿಂದ ತಂದ ಚಹಾ.

ಅಳಿಯ ಬಸ್ಸಿನ ಕಂಡಕ್ಟರು. ಇಪ್ಪತ್ತು ವರ್ಷ ಆಗಿದ್ದವನು ಎನ್ನಬೇಕು. ಟಿಕೆಟ್ ಕೊಡುವ ಕೆಲಸವನ್ನು ಬಾಗಿಲ ಹತ್ತಿರದ ಮೆಷಿನ್ನಿಗೆ ಒಪ್ಪಿಸಿ ಅವನನ್ನು ಕೆಳಗಿಳಿಸಿ ಏಳು ತಿಂಗಳಾಗಿತ್ತು. ಮಗಳು ಔಷಧದ ಅಂಗಡಿಗೆ ಕೆಲಸಕ್ಕೆ ಹೋದರೆ ಇವನು ಮನೆಯಲ್ಲಿ ಅಡುಗೆ ಮಾಡಿ, ಅತ್ತೆಗೆ ಡಬ್ಬಿ ತಂದು ಕೊಟ್ಟು, ಉಳಿದ ಹೊತ್ತು ಕಿಟಕಿಯಲ್ಲಿ ನಿಂತು ಹೋಗುವ ಬಸ್ಸುಗಳನ್ನು ಎಣಿಸುತ್ತಿದ್ದ. ನಲವತ್ತೈದಕ್ಕೆ ಮುದುಕನ ಹಾಗಾಗಿದ್ದ.

ಶೆಡ್ಡಿನ ನೆಲದ ಮೇಲೆ ಕಬ್ಬಿಣದ ಪೈಪು, ಟೈರು, ಜ್ಯಾಕು, ಏನಿಲ್ಲ ಎನ್ನುವ ಹಾಗಿಲ್ಲ. ಕಂಡಕ್ಟರು ಕಾಲ ಕೆಳಗೆ ನೋಡದೆ, ಒಂದನ್ನು ದಾಟಿ ಒಂದರ ಪಕ್ಕ ಸರಿದು, ಅಂಚಿನವರೆಗೆ ತುಂಬಿದ್ದ ಲೋಟವನ್ನು ತಂದು ಮೇಜಿನ ಮೇಲಿಟ್ಟ. ಒಂದು ಹನಿ ಚೆಲ್ಲಿರಲಿಲ್ಲ. ಗೆರೆಯಮ್ಮ ಲೋಟ ನೋಡಿದಳು, ಅವನ ಕಾಲು ನೋಡಿದಳು.

“ಕಂಡಕ್ಟರೇ, ನಿಮಗೆ ಈ ಕೆಲಸ ಕಲಿಸ್ಲಾ?”

ಅವನು ಅವಳ ಕೈ ನೋಡಿ ತಲೆ ತಗ್ಗಿಸಿದ. “ಇಪ್ಪತ್ತು ವರ್ಷ ಯಾರ ಕೈ ಯಾರ ಜೇಬಿಗೆ ಹೋಗುತ್ತೆ ಅಂತ ನೋಡಿದೋನು ನಾನು, ಅತ್ತೆ. ನಿಮ್ಮ ಕೈ ನೋಡದೆ ಇರ್ತೀನಾ. ನೀವೇ ಹೇಳ್ಲಿ ಅಂತ ಸುಮ್ನಿದ್ದೆ.”

“ಮಗಳಿಗೆ ಹೇಳಿದೀರಾ?”

“ಇಲ್ಲ.”

“ಹೇಳಬೇಡಿ. ನಾಳೆ ಎಂಟು ಗಂಟೆಗೆ ಬನ್ನಿ.”

ಕಲಿಸುವವರಿಗೆ ಇರಬೇಕಾದ ತಾಳ್ಮೆ ಗೆರೆಯಮ್ಮನಿಗೆ ಎಳ್ಳಷ್ಟೂ ಇರಲಿಲ್ಲ ಎಂದು ಹೇಳಿಬಿಡುವುದೇ ಒಳ್ಳೆಯದು. ಅದರ ಮೇಲೆ ಕಲಿಯುವವನು ಅಳಿಯ. ಅಳಿಯನನ್ನು ಬಹುವಚನದಲ್ಲಿ ಬೈಯುವುದು ಎಷ್ಟು ಕಷ್ಟ ಎಂಬುದು ಮೊದಲ ದಿನವೇ ಗೊತ್ತಾಯಿತು. “ನಿಮ್ಮ ತಲೆ, ನಿಮ್ಮ ತಲೇಲಿ ಏನು ತುಂಬಿದೀರಿ,” ಎಂದು ಅರ್ಧಕ್ಕೆ ನಿಲ್ಲಿಸಿ ಉಗುಳು ನುಂಗುವಳು. ಕೊನೆಗೆ ಅವನೇ ದಾರಿ ತೋರಿಸಿದ. “ಈ ಬಾಗಿಲ ಒಳಗೆ ನಾನು ಅಳಿಯ ಅಲ್ಲ, ಅತ್ತೆ. ಹೋಗೋ ಬಾರೋ ಅನ್ನಿ. ಮನೇಲಿ ಬೇಕಾದ್ರೆ ಮರ್ಯಾದೆ ಕೊಡಿ.” ಅಂದಿನಿಂದ ಬೈಗುಳ ಸಲೀಸಾಯಿತು, ಪಾಠವೂ.

ಪಾಠ ಗಾಜಿನ ಮೇಲೆ. ಗಾಜಾದರೆ ಒರೆಸಿ ಮತ್ತೆ ಎಳೆಯಬಹುದು. ಕುಂಚ ಮಾಮೂಲಿನದಲ್ಲ. ಹೆಬ್ಬೆರಳುದ್ದದ ಹಿಡಿ, ಅದಕ್ಕಿಂತ ಉದ್ದದ ಅಳಿಲು ಕೂದಲು, ತುದಿ ಕತ್ತಿಯ ಹಾಗೆ ಓರೆ. ಬಣ್ಣದಲ್ಲಿ ಅದ್ದಿ, ನುಣುಪಾದ ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಆ ಮಗ್ಗುಲು ಈ ಮಗ್ಗುಲು ಸವರಿ, ಕೂದಲಿನ ಹೊಟ್ಟೆಗೆಲ್ಲ ಬಣ್ಣ ಕುಡಿಸಬೇಕು. ಕಿರುಬೆರಳನ್ನು ಗಾಜಿಗೆ ಆನಿಸಬೇಕು. ಕುಂಚಕ್ಕಿಂತ ಒಂದು ಗೇಣು ಮುಂದೆ ನೋಡಬೇಕು. ಆಮೇಲೆ ಎಳೆಯಬೇಕು.

ಕಂಡಕ್ಟರು ಎಳೆದ. ಕುಡಿದ ಇರುವೆ ಮನೆಗೆ ಹೋದ ಹಾಗಿತ್ತು.

“ಮಣಿಕಟ್ಟು ಆಡಿಸಬೇಡ ಅಂದೆ.”

“ಆಡಿಸ್ಲಿಲ್ಲ.”

“ಹಾಗಾದ್ರೆ ಗಾಜು ಆಡ್ತಾ?”

ಎರಡು ವಾರ ಇದೇ ಕತೆ. ದಿನಕ್ಕೆ ನೂರು ಗೆರೆ, ನೂರು ಸಲ ಒರೆಸುವುದು. ಅವಳು ಹೇಳಿದ್ದನ್ನೆಲ್ಲ ಅವನು ಬಸ್ಸಿನವರಿಗೆ ಬೇಡವಾದ ಹಳೆಯ ಟಿಕೆಟ್ ಕಟ್ಟಿನ ಬೆನ್ನಮೇಲೆ ಬರೆದುಕೊಂಡು, ಗೋಡೆಯ ಮೊಳೆಗೆ ಚುಚ್ಚುತ್ತಿದ್ದ. ಒಂದು ದಿನ ಅಲ್ಲಿ ‘ಗೆರೆ ಹಾಳಾದರೆ ಬಾಯಿ ಮುಚ್ಚಿಕೊಂಡು ಒರೆಸುವುದು’ ಎಂದಿತ್ತು. ಗೆರೆಯಮ್ಮ ಓದಿ, ನಗು ತಡೆದುಕೊಂಡು, ಬಣ್ಣದ ಡಬ್ಬಿ ಹುಡುಕುವ ನೆಪ ಮಾಡಿದಳು.

ಹದಿನೈದನೆಯ ದಿನ ಅವಳಿಗೆ ಸಾಕಾಯಿತು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿ ಸಾಕಾಯಿತು. ಮಡಚುವ ಕುರ್ಚಿಯ ಮೇಲೆ ಕೂತು, ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು: “ಬಸ್ಸು ಹೋಗ್ತಾ ಇರುವಾಗ್ಲೇ ಚೀಟಿ ಬರೀತಿದ್ಯಲ್ಲ. ಅಕ್ಷರ ಸೊಟ್ಟ ಆಗ್ತಿರ್ಲಿಲ್ವಾ?”

“ಯಾಕಾಗುತ್ತೆ? ಬಸ್ಸಿನ ಕುಲುಕಾಟ ಕಾಲು ನೋಡ್ಕೊಳ್ಳುತ್ತೆ. ಕೈ ತನ್ನ ಪಾಡಿಗೆ ಬರೀತಿರುತ್ತೆ.”

ಗೆರೆಯಮ್ಮ ಎದ್ದು ನಿಂತಳು. ಗಾಜನ್ನು ಪಕ್ಕಕ್ಕೆ ತಳ್ಳಿ, ಗೋಡೆಗೆ ಒರಗಿಸಿದ್ದ ಹಳೆಯ ವ್ಯಾನಿನ ಉದ್ದನೆಯ ಬಾಗಿಲನ್ನು ತೋರಿಸಿದಳು. “ಇದರ ಪಕ್ಕ ನಡಿ. ಕೈ ಎದೆ ಹತ್ರ ಇರ್ಲಿ, ಅದಕ್ಕೆ ಕೆಲಸ ಕೊಡಬೇಡ. ನೀನು ಬಸ್ಸಲ್ಲಿದೀಯ. ಹಿಂದಿನ ಸೀಟಿನೋರು ಕರೀತಿದಾರೆ, ಹೋಗು.”

ಕಂಡಕ್ಟರು ಕಾಲು ಅಗಲಿಸಿ ಮೊಣಕಾಲು ಸ್ವಲ್ಪ ಬಗ್ಗಿಸಿದ. ಅವನಿಗೇ ತಿಳಿಯದೆ ಬಾಯಿಂದ “ರೈಟ್” ಎಂದು ಬಂತು. ಪಕ್ಕಪಕ್ಕಕ್ಕೆ ನಡೆದ. ಕುಂಚ ಅವನ ಜೊತೆ ಹೋಯಿತು. ಬಣ್ಣ ತೀರಿದಲ್ಲಿ “ಹೋಲ್ಡಾನ್” ಎಂದು ಕುಂಚ ಎತ್ತಿದ. ಎರಡು ಮೊಳದ ಗೆರೆ, ಕೂದಲೆಳೆಯಷ್ಟು ಒಂದೇ ಕಡೆ ದಪ್ಪ, ಉಳಿದದ್ದೆಲ್ಲ ನೇರ. ಇಬ್ಬರೂ ಅದನ್ನೇ ನೋಡುತ್ತ ನಿಂತರು.

“ಇನ್ನೊಂದ್ಸಲ,” ಎಂದಳು ಗೆರೆಯಮ್ಮ.

ಉಳಿದ ಎರಡು ವಾರ ಶೆಡ್ಡಿನೊಳಗೆ ರೈಟ್, ಹೋಲ್ಡಾನ್ ಬಿಟ್ಟು ಬೇರೆ ಮಾತಿಲ್ಲ. ಬಣ್ಣ ತೀರಿ ಮತ್ತೆ ಕುಂಚ ತುಂಬಿಕೊಂಡು ಬಂದಾಗ, ಬಿಟ್ಟ ಗೆರೆಯ ಬಾಲದ ಮೇಲೇ ಸದ್ದಿಲ್ಲದೆ ಇಳಿದು ಮುಂದೆ ಹೋಗಬೇಕು. ಇಲ್ಲದಿದ್ದರೆ ಅಲ್ಲೊಂದು ಗಂಟು ಕಾಣುತ್ತದೆ. “ಇಳಿದ ಸ್ಟಾಪಲ್ಲೇ ಹತ್ಬೇಕು, ಅಷ್ಟೇ ತಾನೆ,” ಎಂದ ಕಂಡಕ್ಟರು. ಅಷ್ಟೇ ಎಂದಳು. ಪಕ್ಕದ ಗ್ಯಾರೇಜಿನವರು ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಹೇಳಿದ ಗುರುವಾರ ಕಾರು ಬಂತು. ಟ್ಯಾಕ್ಸಿ ಯಜಮಾನರು ಬೀಗದ ಕೈ ಕೊಟ್ಟು ಆಸ್ಪತ್ರೆಗೆ ಹೋದರು. ಗೆರೆಯಮ್ಮ ಅಳಿಯನನ್ನು ಎದುರಿಗೆ ನಿಲ್ಲಿಸಿಕೊಂಡಳು.

“ಒಂದು ಮಾತು. ಗೆರೆ ನೀನು ಎಳಿ. ಆದ್ರೆ ಹೊರಗಿನೋರಿಗೆ ಇದು ನಂದೇ. ಚುಕ್ಕಿ ಆಮೇಲೆ ನಾನೇ ಹೇಗೋ ಇಡ್ತೀನಿ. ಅವರು ನನ್ನ ನಂಬಿ ಬಿಟ್ಟು ಹೋಗಿದಾರೆ.”

ಕಂಡಕ್ಟರನ ಮುಖ ಒಂದು ಗಳಿಗೆ ಸಪ್ಪಗಾಯಿತು. “ಆಗ್ಲಿ ಅತ್ತೆ,” ಎಂದ.

ಕಾರಿನ ಮೈಯನ್ನು ಮೇಣ ಜಿಡ್ಡು ಏನೂ ಇರದ ಹಾಗೆ ಒರೆಸಿದರು. ಗೆರೆ ಬರುವ ಜಾಗಕ್ಕಿಂತ ಒಂದು ಬೆರಳು ಕೆಳಗೆ ಕಾಗದದ ಟೇಪು ಅಂಟಿಸಿ ದಾರಿ ಮಾಡಿಕೊಂಡರು. ಕೊನೆಗೆ ಗೆರೆಯಮ್ಮ ಬೀರುವಿನ ಮೇಲಿನ ಉದ್ದನೆಯ ತಗಡಿನ ಪೆಟ್ಟಿಗೆ ಇಳಿಸಿದಳು. ಅದರೊಳಗೆ, ಎಣ್ಣೆಯಲ್ಲಿ ಮಲಗಿಸಿದ್ದ ಅವಳ ಖಾಸಾ ಕುಂಚ. ಗಂಡ ಕೊಟ್ಟದ್ದು. ಇಷ್ಟು ದಿನ ಅಳಿಯನಿಗೆ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ. ಅವನು ಕಲಿತದ್ದೆಲ್ಲ ಒಣಗಿಸಿಟ್ಟ ಹಳೆಯ ಕುಂಚದಲ್ಲಿ. ಇವತ್ತು ಬಟ್ಟೆಯಲ್ಲಿ ಒಮ್ಮೆ ಒತ್ತಿ ಅವನ ಕೈಗೆ ಕೊಟ್ಟಳು. ಕೊಡುವಾಗ ಕಣ್ಣು ಮಂಜಾಗಿತ್ತು.

ಆ ಕುಂಚದಲ್ಲಿ ಗೆರೆ ಜಾರಿಕೊಂಡು ಹೋಯಿತು. ಮಧ್ಯಾಹ್ನದೊಳಗೆ ಎರಡೂ ಪಕ್ಕ ಮುಗಿಯಿತು. ಗಂಡನ ಗೆರೆಯೇ ಹೀಗಿರುತ್ತಿತ್ತು ಎಂದು ಅವಳು ಮನಸ್ಸಿನಲ್ಲಿ ಹೇಳಿಕೊಂಡಳು. ಬಾಯಲ್ಲಿ “ಪರವಾಗಿಲ್ಲ” ಎಂದಷ್ಟೇ ಹೇಳಿದಳು. ಕಂಡಕ್ಟರಿಗೆ ಅದೇ ಹೂಮಾಲೆ.

ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದು, ಕಾರಿನ ಬಳಿ ಹೋಗಿ, ಗೆರೆಯ ಮೇಲೆ ಮೆಲ್ಲಗೆ ಬೆರಳಿಟ್ಟಳು. ಬೆರಳಿಗೆ ಕೆನೆ ಬಣ್ಣ ಅಂಟಿತು. ಇನ್ನೊಂದು ಕಡೆ ಇಟ್ಟಳು, ಅಲ್ಲೂ ಅಂಟಿತು. ರಾತ್ರಿಯೆಲ್ಲ ಬಿದ್ದ ಧೂಳು ಗೆರೆಯ ಉದ್ದಕ್ಕೂ ಮೀಸೆಯ ಹಾಗೆ ಕೂತಿತ್ತು.

ಹಿಂದೆಯೇ ಬಂದ ಅಳಿಯನ ಮೇಲೆ ಎಗರಿದಳು. “ಏನು ಸುರಿದೆ ಬಣ್ಣಕ್ಕೆ? ಗೆರೆ ಒಣಗೇ ಇಲ್ಲ. ಇಪ್ಪತ್ತು ಗಂಟೆ ಆಯ್ತು. ನಾಳೆ ಬೆಳಗ್ಗೆ ಆ ಹೆಂಗಸು ಬಾಗಿಲಲ್ಲಿ ನಿಂತಿರ್ತಾಳೆ. ಹೇಳಿದ್ದನ್ನ ಕೇಳೋ ಬುದ್ಧಿ ಇದ್ರೆ ತಾನೆ ನಿನಗೆ. ಹೋಗು, ಹೋಗಿ ಕಿಟಕೀಲಿ ನಿಂತು ಬಸ್ಸು ಎಣಿಸು.”

ಕೊನೆಯ ಮಾತು ಆಡಬಾರದಿತ್ತು. ಆಡಿದ ಮೇಲೆ ಅವಳಿಗೂ ಗೊತ್ತಾಯಿತು. ಕಂಡಕ್ಟರು ಗೋಡೆಯ ಮೊಳೆಯಿಂದ ಟಿಕೆಟ್‌ಗಳನ್ನು ಕಿತ್ತು, ಒಂದೊಂದನ್ನೇ ಮೇಜಿನ ಮೇಲೆ ಜೋಡಿಸಿ ಓದತೊಡಗಿದ. ಬಣ್ಣ ಕಲಕುವುದು, ನಾಲ್ಕು ಹನಿ ಟರ್ಪೆಂಟೈನು, ಹಾಳೆಯ ಮೇಲೆ ಸವರುವುದು, ಕಿರುಬೆರಳು. ಎಲ್ಲ ಮಾಡಿದ್ದ. ಒಂದೂ ತಪ್ಪಿರಲಿಲ್ಲ.

“ಇದರಲ್ಲಿ ಇರೋದೆಲ್ಲ ಮಾಡಿದೀನಿ, ಅತ್ತೆ. ಇಲ್ಲದ್ದು ಏನಾದ್ರೂ ಇದ್ಯಾ?”

ಗೆರೆಯಮ್ಮ ಉತ್ತರ ಕೊಡುವ ಮೊದಲು ಎಡಗೈಯಲ್ಲಿ ತಗಡಿನ ಪೆಟ್ಟಿಗೆ ಎತ್ತಿಕೊಂಡಳು. ಕುಂಚವನ್ನು ಹೊರತೆಗೆದಳು. ಅವಳ ಬಲಗೈ, ನಡುಗುತ್ತಲೇ, ಯಾರೂ ಹೇಳದೆ ಟರ್ಪೆಂಟೈನಿನ ಬಟ್ಟಲಿಗೆ ಹೋಯಿತು. ಕುಂಚವನ್ನು ಅದ್ದಿ, ಹಿಂಡಿ, ಮತ್ತೆ ಅದ್ದಿ, ಮತ್ತೆ ಹಿಂಡಿತು. ಮೂರು ಸಲ. ಎಣ್ಣೆಯ ಕೊನೆಯ ಜಿಡ್ಡು ಹೋಗುವವರೆಗೆ. ಮೂವತ್ತೈದು ವರ್ಷದಿಂದ ಪ್ರತಿ ಬೆಳಗ್ಗೆ ಆ ಕೈ ಇದನ್ನು ಮಾಡಿತ್ತು, ಅವಳು ಆಗ ಚಹಾದ ಬಗ್ಗೆಯೋ ಮಗಳ ಬಗ್ಗೆಯೋ ಯೋಚಿಸುತ್ತಿರುತ್ತಿದ್ದಳು. ಎಣ್ಣೆ ಇದ್ದರೆ ಬಣ್ಣ ಯಾವತ್ತೂ ಒಣಗುವುದಿಲ್ಲ ಎಂಬುದು ಕೈಗೆ ಗೊತ್ತಿತ್ತು. ಕೈ ಅದನ್ನು ಬಾಯಿಗೆ ಹೇಳಿಯೇ ಇರಲಿಲ್ಲ. ನಿನ್ನೆ ಆ ಕೈಯಿಂದ ಕೆಲಸ ಕಿತ್ತು ಅಳಿಯನಿಗೆ ಕೊಟ್ಟಾಗ, ಇದೊಂದು ಅವಳ ಕೈಯಲ್ಲೇ ಉಳಿದುಬಿಟ್ಟಿತ್ತು.

ಅವಳು ಮಡಚುವ ಕುರ್ಚಿಯ ಮೇಲೆ ಕುಸಿದಳು.

“ನಂದೇ ತಪ್ಪು,” ಎಂದಳು. ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಆ ಮಾತು ಕಂಡಕ್ಟರು ಕೇಳಿರಲಿಲ್ಲ. “ಎಣ್ಣೆ ತೊಳೀಬೇಕು ಅಂತ ನಾನು ಹೇಳ್ಲೇ ಇಲ್ಲ. ತೊಳೆಯದೆ ಕೈಗೆ ಕೊಟ್ಟೋಳೂ ನಾನೇ. ಬಸ್ಸು ಎಣಿಸು ಅಂದಿದ್ದು ಇನ್ನೂ ದೊಡ್ಡ ತಪ್ಪು.”

ಅವನು ಒಂದು ಟಿಕೆಟ್ ತಿರುಗಿಸಿ ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ. “ಮೊದಲು ಎಣ್ಣೆ ತೊಳೆಯುವುದು, ಮೂರು ಸಲ. ಹೇಳಿದ್ದು ಅತ್ತೆ, ಮರೆತದ್ದೂ ಅತ್ತೆ.”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಅಷ್ಟರಲ್ಲಿ ಅವನು ಟರ್ಪೆಂಟೈನಿನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡು ನಿನ್ನೆಯ ಗೆರೆ ಒರೆಸತೊಡಗಿದ್ದ. ಜೀವಮಾನದಲ್ಲಿ ಎಳೆದ ಮೊದಲ ನಿಜವಾದ ಗೆರೆ. ಕೈ ಹಿಂಜರಿಯುತ್ತದೇನೋ ಎಂದು ಅವಳು ನೋಡಿದಳು. ಹಿಂಜರಿಯಲಿಲ್ಲ. ಹಸಿರು ಮೈ ಮತ್ತೆ ಬೋಳಾಯಿತು. ಇವನು ಉಳಿಯುತ್ತಾನೆ ಎಂದು ಆಗ ಅವಳಿಗೆ ಅನ್ನಿಸಿತು.

ಎರಡನೆಯ ಸಲ ಅವಳು ಪಕ್ಕದಲ್ಲಿ ನಿಂತು ಕಾವಲು ಕಾಯಲಿಲ್ಲ. ಕುರ್ಚಿಯನ್ನು ಹಿಂದಿನ ದೀಪದ ಹತ್ತಿರ ಹಾಕಿಕೊಂಡು ಕೂತಳು. “ನಾನು ಕೊನೇ ಸ್ಟಾಪು. ಈ ಕಡೆ ನೋಡ್ಕೊಂಡು ಬಾ,” ಎಂದಳು. ಕಂಡಕ್ಟರು ಕುಂಚ ಮೂರು ಸಲ ತೊಳೆದ, ಕಾಲು ಅಗಲಿಸಿದ, ರೈಟ್ ಎಂದ. ನಿನ್ನೆಯ ಜಾರುವಿಕೆ ಇಂದು ಇರಲಿಲ್ಲ, ಅದು ಎಣ್ಣೆಯ ಉಪಕಾರವಾಗಿತ್ತು. ಈ ಗೆರೆ ಸ್ವಲ್ಪ ತಡೆದು ತಡೆದು ಬಂತು. ರಿಪೇರಿಯಾದ ಬಾಗಿಲ ಬಳಿ ಕೂದಲೆಳೆಯಷ್ಟು ದಪ್ಪವಾಯಿತು. ಆದರೂ ಅವಳ ಮುಂದೆ ಬಂದು ನಿಂತಿತು. ಸಂಜೆಯ ಹೊತ್ತಿಗೆ ಬೆರಳಿಟ್ಟರೆ ಅಂಟಲಿಲ್ಲ.

ಶನಿವಾರ ಬೆಳಗ್ಗೆ ಟ್ಯಾಕ್ಸಿ ಯಜಮಾನರು ಬಂದಾಗ ಕಾರು ಬೀದಿಯಲ್ಲಿ ನಿಂತಿತ್ತು. ಅವರು ಮುಂದಿನ ದೀಪದಿಂದ ಹೊರಟು, ಬಗ್ಗಿ, ಗೆರೆಯ ಜೊತೆಗೇ ನಡೆದುಕೊಂಡು ಹಿಂದಿನ ದೀಪದವರೆಗೆ ಬಂದರು. ಸೊಂಟ ನೆಟ್ಟಗೆ ಮಾಡಿಕೊಂಡರು.

“ಅಮ್ಮಾ, ಇದು ನಿಮ್ಮ ಕೈ ಅಲ್ಲ.”

ಇಪ್ಪತ್ತಾರು ವರ್ಷ ದಿನಾ ಬೆಳಗ್ಗೆ ಒರೆಸಿದ ಗೆರೆ ಅದು, ಅವರಿಗೆ ಗೊತ್ತಾಗದೆ ಇರುತ್ತದೆಯೇ. ಕಂಡಕ್ಟರು ಕೊಟ್ಟ ಮಾತಿನಂತೆ ನೆಲ ನೋಡುತ್ತ ನಿಂತಿದ್ದ. ಅವಳು ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿದಳು. ಅದು ತನ್ನ ಪಾಡಿಗೆ ನಡುಗಿತು.

“ನನ್ನ ಕೈ ಹೀಗಾಗಿದೆ ಯಜಮಾನ್ರೇ. ಗೆರೆ ನನ್ನ ಅಳಿಯಂದು. ಮೊದಲನೇ ಗಾಡಿ. ಬೇಡ ಅಂದ್ರೆ ಈಗ್ಲೇ ಒರೆಸಿ ಕೊಡ್ತೀನಿ.”

ಅವರು ಆ ಕೈಯನ್ನೂ ಗೆರೆಯನ್ನೂ ಮತ್ತೊಮ್ಮೆ ನೋಡಿದರು. “ನಮ್ಮವಳೂ ಈಗ ಮೊದಲಿನ ಹಾಗೆ ನಡೆಯಲ್ಲಮ್ಮ. ನಾಲ್ಕು ಹೆಜ್ಜೆಗೊಂದ್ಸಲ ನಿಂತು ನಿಂತು ಬರ್ತಾಳೆ. ಈ ಗೆರೆ ನೋಡಿದ್ರೆ ಅವಳಿಗೆ ಸಮಾಧಾನ ಆಗುತ್ತೆ. ಇರ್ಲಿ.” ಮತ್ತೆ ಹಿಂದಿನ ದೀಪದ ಕಡೆ ಬಗ್ಗಿದರು. “ಚುಕ್ಕಿ ಎಲ್ಲಿ?”

“ಚುಕ್ಕಿ ಗೆರೆ ಎಳೆದವರು ಇಡ್ಬೇಕು,” ಎಂದಳು ಗೆರೆಯಮ್ಮ. ಅಳಿಯನ ಕಡೆ ತಿರುಗಿದಳು. ನಡುಬೀದಿ, ಸುತ್ತ ಗ್ಯಾರೇಜಿನವರು. “ಹೋಗೋ, ಕುಂಚ ತಗೊಂಡು ಬಾ. ನಂದು ಹಾಕಬೇಡ. ನಿಂದು ಹಾಕು.”

ಅವನು ಒಳಗೆ ಹೋಗಿ ಸ್ವಲ್ಪ ಹೊತ್ತು ಮಾಡಿದ. ಎಣ್ಣೆ ತೊಳೆಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು, ಮೂರು ಸಲ. ಬಂದು ಮೊಣಕಾಲೂರಿ, ಗೆರೆಯ ಕೊನೆಯಲ್ಲಿ, ಟಿಕೆಟ್ಟಿಗೆ ತೂತು ಹೊಡೆದ ಹಾಗೆ ಪುಟ್ಟದೊಂದು ಬಳೆ ಬರೆದ. ಎದ್ದು ದೂರ ನಿಂತ.

“ಹಿಂದಿನ ದೀಪದ ಹತ್ರ ಮುಟ್ಟಬೇಡಿ, ಅದಿನ್ನೂ ಹಸಿ,” ಎಂದು ಯಜಮಾನರಿಗೆ ಹೇಳಿ, ಕಾರಿನ ಹಿಂದೆ ಹೋಗಿ ಬೀದಿಯ ಆಚೀಚೆ ನೋಡಿದ. ತಗಡಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿದ. “ರೈಟ್, ರೈಟ್,” ಎಂದ.

ಕಾರು ಆಸ್ಪತ್ರೆಯ ಕಡೆ ಹೊರಟಿತು. ಮೂಲೆಯಂಗಡಿಯವನು ಎರಡು ಚಹಾ ತಂದ. ಗೆರೆಯಮ್ಮ ತನ್ನ ಲೋಟವನ್ನು ಬಲಗೈಯೊಂದರಲ್ಲೇ ಎತ್ತಿಕೊಂಡಳು. ಅರ್ಧ ನೆಲಕ್ಕೆ ಚೆಲ್ಲಿತು, ಉಳಿದರ್ಧವನ್ನು ಬೀದಿಯಲ್ಲೇ ನಿಂತು ಕುಡಿದಳು.